‘ನಾಪತ್ತೆ’, ‘ಕಣ್ಮರೆ’, ‘ಕಾಣೆಯಾಗಿಸು’: ಪ್ರಭುತ್ವವೇ ಹಿಡಿದು ಅಡಗಿಸಿದವರನ್ನು ಕನ್ನಡದಲ್ಲಿ ಏನೆನ್ನಬೇಕು?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ಕುಂಬಳೆಯಿಂದ ನಮಸ್ಕಾರಗಳು.

ವಿಶ್ವಸಂಸ್ಥೆಯ ಮಹಾಸಭೆಯು 2006ರ ಡಿಸೆಂಬರ್ 20ರಂದು ಅಂಗೀಕರಿಸಿದ, 2010ರ ಡಿಸೆಂಬರ್ 23ರಿಂದ ಜಾರಿಯಲ್ಲಿರುವ ಒಂದು ಒಡಂಬಡಿಕೆಯ ಮುಖ್ಯ ಭಾಗಗಳನ್ನು ನಮ್ಮೂರಿನ ಗ್ರಂಥಾಲಯದ ಓದುಗರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲಿಷಿನಲ್ಲಿ ‘ಎನ್‌ಫೋರ್ಸ್ಡ್ ಡಿಸಪಿಯರೆನ್ಸ್’ ಎನ್ನುವ ಅಪರಾಧದಿಂದ ಎಲ್ಲರಿಗೂ ರಕ್ಷಣೆ ಒದಗಿಸುವುದು ಅದರ ಗುರಿ. ಅನುವಾದ ಆ ಅಪರಾಧದ ಹೆಸರಿನಲ್ಲಿಯೇ ತಡೆದು ನಿಂತಿದೆ. ಬಳಕೆಯಲ್ಲಿರುವ ‘ನಾಪತ್ತೆ’, ‘ಕಣ್ಮರೆ’, ‘ಬಲವಂತದ ಕಣ್ಮರೆ’ ಎಂಬ ಮೂರೂ ಇಲ್ಲಿ ಸಾಲವು ಎಂಬುದು ನನ್ನ ಅಭಿಪ್ರಾಯ. ಹಾಗೇಕೆ ಎಂಬುದನ್ನು ಕೆಳಗೆ ವಿವರಿಸಿದ್ದೇನೆ. ತಿಳಿದವರು ಪರಿಶೀಲಿಸಬೇಕೆಂದು ಕೋರುತ್ತೇನೆ.

ಒಡಂಬಡಿಕೆಯ 2ನೆಯ ವಿಧಿ ಈ ಅಪರಾಧಕ್ಕೆ ಕೊಡುವ ವಿವರಣೆಯಲ್ಲಿ ಎರಡು ಹಂತಗಳಿವೆ. ಪ್ರಭುತ್ವದ ಅಧಿಕಾರಿಗಳು, ಅಥವಾ ಪ್ರಭುತ್ವದ ಅನುಮತಿ, ಬೆಂಬಲ ಇಲ್ಲವೇ ಮೌನಸಮ್ಮತಿ ಪಡೆದವರು ಒಬ್ಬ ವ್ಯಕ್ತಿಯನ್ನು ಬಂಧಿಸುವುದು ಅಥವಾ ಎತ್ತಿಕೊಂಡು ಹೋಗುವುದು ಮೊದಲನೆಯದು. ಆಮೇಲೆ ಬಂಧಿಸಿಯೇ ಇಲ್ಲವೆನ್ನುವುದು, ಅಥವಾ ಆತನ ಗತಿಯನ್ನಾಗಲಿ ಇರುವ ಜಾಗವನ್ನಾಗಲಿ ಮುಚ್ಚಿಟ್ಟು ಆತನನ್ನು ಕಾನೂನಿನ ರಕ್ಷಣೆಯಿಂದ ಹೊರಗಿಡುವುದು ಎರಡನೆಯದು. ಈ ಅಲ್ಲಗಳೆಯುವಿಕೆಯೇ ಅಪರಾಧದ ತಿರುಳು. ಹೊಂದಿಸುವ ಪದ ಎರಡನ್ನೂ ಹೊರಲಾರದಿದ್ದರೂ, ಮಾಡಿದವರೊಬ್ಬರು ಇದ್ದಾರೆ ಎಂಬುದನ್ನಾದರೂ ಸೂಚಿಸಬೇಕು.

‘ನಾಪತ್ತೆ’ ಅದನ್ನು ಸೂಚಿಸುವುದಿಲ್ಲ. ‘ನಾ’ ಎಂಬುದು ಪಾರಸಿಯಿಂದ ಬಂದ ನಿಷೇಧದ ಉಪಸರ್ಗ, ಪತ್ತೆಯಿಲ್ಲದ್ದು ನಾಪತ್ತೆ. ಕಾಸರಗೋಡಿನ ಕನ್ನಡ ಪತ್ರಿಕೆಗಳಲ್ಲಿ ಮನೆಯಿಂದ ಹೊರಟು ಮರಳದ ಯುವಕನೂ ಕಡಲಿಗಿಳಿದ ಮೀನುಗಾರನೂ ನೆರೆಯಲ್ಲಿ ಕೊಚ್ಚಿಹೋದವರೂ ನಾಪತ್ತೆಯೇ. ಇಲ್ಲಿನ ಮಲಯಾಳ ಪತ್ರಿಕೆಗಳ ಪ್ರಕಟಣೆಗಳಲ್ಲಿ ಕಾಣುವ ‘ಕಾಣ್ಮಾನಿಲ್ಲ’ ಎಂಬುದರ ವ್ಯಾಪ್ತಿಯೂ ಇಷ್ಟೇ. ಯಾರಿಗೂ ಸುಳಿವಿಲ್ಲದ ಕಡೆ ಈ ಮಾತುಗಳು ಸರಿಯಾಗಿಯೇ ಇವೆ. ಆದರೆ ನಾವು ಹೆಸರಿಡಬೇಕಾದ ಅಪರಾಧದಲ್ಲಿ ಸುಳಿವು ಇಲ್ಲವೆಂದಲ್ಲ, ಅದನ್ನು ಕೈಯಲ್ಲಿ ಹಿಡಿದುಕೊಂಡವರು ಕೊಡಲೊಲ್ಲರು.

ನಾವು ಬಾಳುತ್ತಿರುವ ಕೇರಳದಲ್ಲಿಯೇ ಇದಕ್ಕೆ ಉದಾಹರಣೆಯಿದೆ. ಕಲ್ಲಿಕೋಟೆಯ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಪಿ. ರಾಜನ್ ಅವರನ್ನು ತುರ್ತುಪರಿಸ್ಥಿತಿಯ ದಿನಗಳಲ್ಲಿ, 1976ರ ಮಾರ್ಚ್ 1ರಂದು, ಪೊಲೀಸರು ಹಿಡಿದು ಕಕ್ಕಯಂ ಶಿಬಿರಕ್ಕೆ ಒಯ್ದರು. ತಂದೆ ಈಚರ ವಾರಿಯರ್ ಅಧಿಕಾರಿಗಳ, ಮಂತ್ರಿಗಳ ಬಾಗಿಲುಗಳನ್ನು ತಟ್ಟಿದರೂ ಉತ್ತರ ಸಿಗಲಿಲ್ಲ. ತುರ್ತುಪರಿಸ್ಥಿತಿ ತೆರವಾದ ಮೇಲೆ, 1977ರ ಮಾರ್ಚಿನಲ್ಲಿ, ಅವರು ಕೇರಳ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಬಂಧಿತನನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆಂಬ ಕೋರಿಕೆ) ಹೂಡಿದಾಗ ಸರ್ಕಾರದ ಕಡೆಯಿಂದ ಬಂದ ಹೇಳಿಕೆ, ರಾಜನ್ ಅವರನ್ನು ಬಂಧಿಸಿಯೇ ಇಲ್ಲ ಎಂಬುದಾಗಿತ್ತು. ನ್ಯಾಯಾಲಯ ಅದನ್ನು ನಂಬಲಿಲ್ಲ. ಮುಖ್ಯಮಂತ್ರಿ ಕೆ. ಕರುಣಾಕರನ್ ಆ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ರಾಜನ್ ಅವರ ದೇಹ ಮಾತ್ರ ಸಿಗಲೇ ಇಲ್ಲ. 2006ರಲ್ಲಿ ತಂದೆಯೂ ತೀರಿಕೊಂಡರು. ಈ ವಿದ್ಯಾರ್ಥಿಯನ್ನು ‘ನಾಪತ್ತೆಯಾದ ರಾಜನ್’ ಎಂದು ಬರೆಯುವುದೆಂದರೆ, ಬಂಧಿಸಿಯೇ ಇಲ್ಲವೆಂದ ಆ ಹೇಳಿಕೆಯನ್ನು ನಮ್ಮ ಕೈಯಿಂದಲೇ ಮತ್ತೊಮ್ಮೆ ಬರೆದಂತೆ ಎಂದು ನನಗೆ ಅನ್ನಿಸುತ್ತದೆ.

ಇದಕ್ಕಿಂತಲೂ ಹೆಚ್ಚು ನೋಯಿಸುವ ಪದ ‘ತಲೆಮರೆಸಿಕೊಂಡವನು’. ಇಲ್ಲಿರುವ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಇಡೀ ಕ್ರಿಯೆಯನ್ನು ಮರೆಯಾದವನ ತಲೆಗೇ ಕಟ್ಟುತ್ತದೆ. ಅವನೇ ಓಡಿಹೋದ, ಅವನೇ ಅಡಗಿದ ಎಂದಾಗುತ್ತದೆ. ಲೋಕದ ಅನೇಕ ಕಡೆಗಳಲ್ಲಿ ಮಕ್ಕಳನ್ನು ಹುಡುಕಿಕೊಂಡು ಠಾಣೆಗೆ ಹೋದ ತಾಯಂದಿರಿಗೆ ಸಿಕ್ಕಿದ ಉತ್ತರವೂ ಇಂಥದೇ. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ನಡೆದ ಸೈನಿಕ ಆಡಳಿತ ಹೀಗೆ ಅಡಗಿಸಿದವರಲ್ಲಿ ಸುಮಾರು 9,000 ಮಂದಿಯ ವಿವರಗಳನ್ನು ಆಮೇಲೆ ನೇಮಕವಾದ ರಾಷ್ಟ್ರೀಯ ಆಯೋಗ ದಾಖಲಿಸಿತು; ಸಂಖ್ಯೆ 30,000 ಎಂಬುದು ಮಾನವ ಹಕ್ಕು ಸಂಘಟನೆಗಳ ವಾದ. ಮಾಯೋ ಚೌಕದಲ್ಲಿ 1977ರ ಏಪ್ರಿಲ್ 30ರಿಂದ ಸೇರತೊಡಗಿದ ತಾಯಂದಿರ ಬೇಡಿಕೆ, ನಮ್ಮ ಮಕ್ಕಳನ್ನು ಒಯ್ದವರು ಉತ್ತರ ಕೊಡಲಿ ಎಂಬುದಾಗಿತ್ತು.

ನೆರೆಯ ತಮಿಳಿನಲ್ಲಿ ಈ ಪ್ರಶ್ನೆಗೆ ಆಗಲೇ ಒಂದು ಪರಿಹಾರ ಸಿಕ್ಕಿದೆ. ಶ್ರೀಲಂಕಾದಲ್ಲಿ ಯುದ್ಧದ ಕಾಲದಲ್ಲಿ ಮತ್ತು 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯುವ ಹೊತ್ತಿನಲ್ಲಿ ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ‘ಕಾಣಾಮಲ್ ಪೋನೋರ್’, ಅಂದರೆ ಕಾಣದೆ ಹೋದವರು, ಎಂಬ ಮಾತನ್ನು ಒಪ್ಪುವುದಿಲ್ಲ. ಅವರು ಹೇಳುವುದು ‘ಕಾಣಾಮಲ್ ಆಕ್ಕಪ್ಪಟ್ಟೋರ್’ ಎಂದು. ಕಾಣದಂತೆ ಮಾಡಲ್ಪಟ್ಟವರು ಎಂದು ಅದರ ಅರ್ಥ. ಉತ್ತರದ ಕಿಳಿನೊಚ್ಚಿಯಲ್ಲಿ 2017ರಲ್ಲಿ ಧರಣಿ ಕುಳಿತ ತಾಯಂದಿರ ಫಲಕಗಳಲ್ಲಿಯೂ ಇದೇ ಮಾತು. ‘ಹೋದರು’ ಎಂಬಲ್ಲಿ ಕರ್ತೃವಾಗಿ ಉಳಿಯುವವನು ಮಗ. ‘ಮಾಡಲ್ಪಟ್ಟರು’ ಎಂದೊಡನೆ ಮಾಡಿದವರು ಯಾರು ಎಂದು ಕೇಳಲು ಎಡೆಯಾಗುತ್ತದೆ.

ಈ ದಾರಿ ಕನ್ನಡಕ್ಕೂ ತೆರೆದಿದೆ. ‘ಸಾಧ್ಯವಾಗಿಸು’, ‘ಸುಲಭವಾಗಿಸು’ ಎಂಬ ರೂಪಗಳು ರೂಢಿಯಾಗಿರುವಾಗ ‘ಕಾಣೆಯಾಗಿಸು’ ಎಂಬುದು ವ್ಯಾಕರಣಕ್ಕೆ ಹೊರಗಾಗದು. ಅಪರಾಧಕ್ಕೆ ‘ಕಾಣೆಯಾಗಿಸುವಿಕೆ’ ಎನ್ನಬಹುದು. ತೊಡಕು ಬರುವುದು ವ್ಯಕ್ತಿಯನ್ನು ಹೇಳುವಲ್ಲಿ. ನಮ್ಮ ಭೂತಕೃದಂತ ಕರ್ತೃವನ್ನೂ ಕರ್ಮವನ್ನೂ ಒಂದೇ ರೂಪದಲ್ಲಿ ಹೇಳುತ್ತದೆ: ‘ಕೊಂದ ಹುಲಿ’ ಎಂದರೆ ಹಸುವನ್ನು ಕೊಂದ ಹುಲಿಯೂ ಆಗಬಹುದು, ಬೇಟೆಗಾರ ಕೊಂದ ಹುಲಿಯೂ ಆಗಬಹುದು. ಹಾಗೆಯೇ ‘ಕಾಣೆಯಾಗಿಸಿದವರು’ ಎಂದು ಬರೆದರೆ ಪೊಲೀಸರೋ ಅವರ ಕೈಗೆ ಸಿಕ್ಕವರೋ ತಿಳಿಯದು. ಆದ್ದರಿಂದ ‘ಕಾಣೆಯಾಗಿಸಲ್ಪಟ್ಟವರು’ ಅಥವಾ ‘ಕಾಣೆಯಾಗಿಸಲಾದವರು’ ಎನ್ನಲೇಬೇಕು. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದು ಎಂದು ನಮ್ಮ ಹಿರಿಯರು ಹೇಳುವುದು ಸಾಮಾನ್ಯವಾಗಿ ಸರಿ. ಇಲ್ಲಿ ಮಾತ್ರ ಆ ಭಾರವನ್ನು ಹೊರುವುದು ನ್ಯಾಯವೆಂದು ನಾನು ನಂಬಿದ್ದೇನೆ.

‘ಬಲವಂತದ ಕಣ್ಮರೆ’ಯನ್ನು ಒಪ್ಪುವವರು ಇದ್ದಾರೆ. ‘ಬಲವಂತದ ಮದುವೆ’, ‘ಬಲವಂತದ ದುಡಿಮೆ’ ಎಂಬಲ್ಲೆಲ್ಲ ಬಲವಂತಕ್ಕೆ ಒಳಗಾದವರೇ ಮದುವೆಯಾಗುತ್ತಾರೆ, ದುಡಿಯುತ್ತಾರೆ. ಅದೇ ಜಾಡಿನಲ್ಲಿ ಓದಿದರೆ ಇಲ್ಲಿಯೂ ಯಾರದೋ ಒತ್ತಾಯಕ್ಕೆ ವ್ಯಕ್ತಿಯೇ ಮರೆಯಾದ ಎಂಬ ಅರ್ಥ ಉಳಿದುಬಿಡುತ್ತದೆ. ‘ಮಾಯವಾದವರು’ ಎಂಬ ಸಲಹೆಯೂ ಬಂದಿತ್ತು. ತುಳುವರ ಪಾಡ್ದನಗಳಲ್ಲಿ ವೀರರು ಮಾಯಕ್ಕೆ ಸಂದು ದೈವವಾಗುತ್ತಾರೆ. ಭಕ್ತಿ ತುಂಬಿದ ಆ ಪದವನ್ನು ಲಾಕಪ್ಪಿನ ಕತ್ತಲೆಗೆ ಬಳಸಲು ಈ ಸೀಮೆಯ ಯಾರಿಗೂ ಮನಸ್ಸು ಬಾರದು.

ಪದ ಸರಿಯಾಗಿರಬೇಕು ಎಂಬ ಹಟಕ್ಕೆ ಕಾನೂನಿನ ಕಾರಣವೂ ಇದೆ. ಭಾರತ 2007ರ ಫೆಬ್ರವರಿಯಲ್ಲಿ ಈ ಒಡಂಬಡಿಕೆಗೆ ಸಹಿ ಹಾಕಿದೆಯಾದರೂ ಅನುಮೋದಿಸಿಲ್ಲ. ನಮ್ಮ ದಂಡಸಂಹಿತೆಯಲ್ಲಿ ಇದು ಪ್ರತ್ಯೇಕ ಅಪರಾಧವಾಗಿಲ್ಲ. ಏಳು ವರ್ಷ ಸುದ್ದಿಯಿಲ್ಲದಿದ್ದವರನ್ನು ಸತ್ತರೆಂದು ಭಾವಿಸುವ ಸಾಕ್ಷ್ಯ ಕಾನೂನಿನ ನಿಯಮವನ್ನೇ ಇಂಥ ಕುಟುಂಬಗಳಿಗೂ ಹಚ್ಚಬೇಕಾಗುತ್ತದೆ. ಅರ್ಜೆಂಟೀನಾ 1994ರಲ್ಲಿ ತಂದ ಕಾನೂನು ಹಾಗೆ ಮಾಡಲಿಲ್ಲ. ಮಗ ಸತ್ತನೆಂದು ತಾಯಿಯಿಂದ ಸಹಿ ಹಾಕಿಸಿಕೊಳ್ಳದೆ, ಕಾಣೆಯಾಗಿಸಿದ್ದರಿಂದ ಉಂಟಾದ ಗೈರು ಎಂಬ ಬೇರೆಯೇ ಸ್ಥಿತಿಯನ್ನು ಅದು ಮಾನ್ಯ ಮಾಡಿತು. ‘ನಾಪತ್ತೆ’ ಎಂಬ ಪದವೊಂದನ್ನೇ ಇಟ್ಟುಕೊಂಡು ಈ ಎರಡು ನಿಯಮಗಳ ಅಂತರವನ್ನು ಕನ್ನಡದಲ್ಲಿ ವಿವರಿಸಲಾಗುವುದಿಲ್ಲ.

ನನ್ನ ಪ್ರಶ್ನೆಗಳು ಇವು. ಕರ್ನಾಟಕದ ನ್ಯಾಯಾಲಯಗಳ ಕನ್ನಡ ತೀರ್ಪುಗಳಲ್ಲಿ ಅಥವಾ ಕಾನೂನು ಪದಕೋಶಗಳಲ್ಲಿ ಈ ಅಪರಾಧಕ್ಕೆ ಪ್ರೇರಣಾರ್ಥಕ ರೂಪದ ಪದವನ್ನು ಯಾರಾದರೂ ಕಂಡಿದ್ದೀರಾ? ‘ಕಾಣೆಯಾಗಿಸಲ್ಪಟ್ಟವರು’, ‘ಕಾಣೆಯಾಗಿಸಲಾದವರು’ ಇವೆರಡರಲ್ಲಿ ಓದುವ ಬಾಯಿಗೆ ಯಾವುದು ಹಗುರ? ಒಡಂಬಡಿಕೆಯ 24ನೆಯ ವಿಧಿ ಈ ಅಪರಾಧದಿಂದ ನೇರವಾಗಿ ಹಾನಿಗೊಳಗಾದ ಬಂಧುಗಳನ್ನೂ ಬಾಧಿತರ ಸಾಲಿಗೆ ಸೇರಿಸಿ, ನಿಜವನ್ನು ತಿಳಿಯುವ ಹಕ್ಕನ್ನು ಅವರಿಗೆ ಕೊಡುತ್ತದೆ. ಅಲ್ಲಿ ‘ಬಲಿಪಶು’ ಖಂಡಿತ ಸಲ್ಲದು. ‘ಸಂತ್ರಸ್ತರು’ ಎಂದರೆ ಕಾಯುತ್ತ ಕುಳಿತ ತಾಯಿಯೂ ಅದರಲ್ಲಿ ಸೇರಿದಳೆಂದು ಕನ್ನಡದ ಓದುಗರಿಗೆ ತಾನಾಗಿ ತಿಳಿಯುತ್ತದೆಯೇ, ಅಥವಾ ಅದನ್ನು ಪ್ರತ್ಯೇಕವಾಗಿ ಹೇಳಬೇಕೇ?