ಬೇಸಿಗೆಯಲ್ಲಿ ಮನೆಯಲ್ಲೇ ರೀಲು ತೊಳೆಯಬಹುದೇ? ಅನುಭವ ಇದ್ದವರು ತಿಳಿಸಿ

ಬಾಗಲಕೋಟೆಯಿಂದ: ಮದುವೆ, ಸೀಮಂತಗಳಿಗೆ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವವಳು ನಾನು. ಅಪ್ಪನ ಪೆಂಟ್ಯಾಕ್ಸ್ ಕೆ1000 ಅಟ್ಟದಲ್ಲಿ ಸಿಕ್ಕಿದೆ. ಶಟರ್ ಚೆನ್ನಾಗಿದೆ, ಬೆಳಕು ಅಳೆಯುವ ಮೀಟರ್ ಕೆಟ್ಟಿದೆ. ಕಪ್ಪು-ಬಿಳುಪು ಫಿಲ್ಮ್ ರೀಲು ಹಾಕಿ ಮನೆಯಲ್ಲೇ ತೊಳೆಯುವ, ಅಂದರೆ ಡೆವಲಪ್ ಮಾಡುವ, ಆಸೆ. ನಮ್ಮ ಬಿಸಿಲಿಗೆ ಇದು ಆಗುವ ಮಾತೇ?

ವಿಜಯಪುರದಿಂದ: ಖಂಡಿತ ಆಗುತ್ತದೆ ತಂಗಿ, ಆದರೆ ಮೊದಲು ನೀರಿನ ವ್ಯವಸ್ಥೆ ಮಾಡಿಕೊ. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ರೀಲಿಗೆ ಪುಡಿ ಕರಗಿಸಿದ ಮೇಲೆ ಮತ್ತೆ ನೀರು ಬೆರೆಸದ, ಚಿತ್ರ ಮೂಡಿಸುವ ಐಡಿ-11 ಡೆವಲಪರ್‌ನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ಮೇ ತಿಂಗಳಲ್ಲಿ ನಮ್ಮ ಮಾಳಿಗೆಯ ಟಾಕಿಯ ನೀರು ಬೆಳಿಗ್ಗೆ ಹತ್ತಕ್ಕೇ ಕೈ ಸುಡುತ್ತದೆ. ನನ್ನ ಮೊದಲ ರೀಲನ್ನು ಅದೇ ನೀರಿನಲ್ಲಿ ತೊಳೆದೆ. ಗೋಳಗುಮ್ಮಟದ ಮೇಲಿನ ಆಕಾಶ, ಬೆಳಕು-ನೆರಳು ತಿರುಗುಮುರುಗಾಗುವ ನೆಗೆಟಿವ್‌ನಲ್ಲಿ ಇದ್ದಿಲಿನಂತೆ ಕಪ್ಪಾಗಿತ್ತು, ಮೋಡದ ಗುರುತೂ ಉಳಿದಿರಲಿಲ್ಲ. ಅಂದು ಊಟ ಸೇರಲಿಲ್ಲ.

ಈಗ ರಾತ್ರಿಯೇ ಮಣ್ಣಿನ ಹರವಿಯಲ್ಲಿ ನೀರು ತುಂಬಿಡುತ್ತೇನೆ. ನಸುಕಿನ ಐದಕ್ಕೆ ಎದ್ದು ಅಗಲ ಬೋಗುಣಿಗೆ ಆ ನೀರು ಸುರಿದು, ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೇಲಿಬಿಟ್ಟು, ಡೆವಲಪರ್, ಫಿಕ್ಸರ್ (ಮೂಡಿದ ಚಿತ್ರವನ್ನು ಉಳಿಸುವ ದ್ರಾವಣ), ಕೊನೆಗೆ ತೊಳೆಯುವ ನೀರು ಮೂರನ್ನೂ ಅದರಲ್ಲಿ ನಿಲ್ಲಿಸುತ್ತೇನೆ. ಮೂರೂ ಒಂದೇ ತಂಪಿಗೆ ಬರಬೇಕು. ಎಷ್ಟು ಮಾಡಿದರೂ 24 ಡಿಗ್ರಿಗೆ ನಿಂತರೆ ಡೆವಲಪರ್ ಅವಧಿಯನ್ನು ಐದು ನಿಮಿಷದ ಸಮೀಪಕ್ಕೆ ಇಳಿಸು. ಅದಕ್ಕೂ ಕಡಿಮೆಯಾದರೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಬರುತ್ತದೆ.

ನೀರಿನ ಬರವಿದೆಯೆಂದು ಹೆದರಬೇಡ. ಹಾರ್ಡನರ್ (ಫಿಲ್ಮಿನ ಲೇಪ ಗಟ್ಟಿಮಾಡುವ ಮದ್ದು) ಇಲ್ಲದ ಫಿಕ್ಸರ್ ಆಗಿದ್ದರೆ, ಅದನ್ನು ತೆಗೆದ ಮೇಲೆ ರೀಲಿರುವ ಡಬ್ಬಿಗೆ ನೀರು ತುಂಬಿ 5 ಸಲ ಮಗುಚಿ ಚೆಲ್ಲು, ಮತ್ತೆ ತುಂಬಿ 10 ಸಲ, ಮತ್ತೆ 20 ಸಲ. ಒಂದು ರೀಲಿಗೆ ಒಂದು ಲೀಟರಿನೊಳಗೆ ಮುಗಿಯುತ್ತದೆ. ಕೊನೆಯ ಅದ್ದುವಿಕೆ ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ. ಬೋರ್‌ವೆಲ್ಲಿನ ಸವಳು ನೀರು ಒಣಗಿದರೆ ಬಿಳಿ ಚುಕ್ಕೆಗಳು ಕೂರುತ್ತವೆ.

ಬೆಳಗಾವಿಯಿಂದ: ಅಕ್ಕ, ಮೀಟರ್ ಇಲ್ಲವೆಂದು ಕೊರಗಬೇಡಿ, ನಿಮ್ಮ ಡಿಜಿಟಲ್ ಕ್ಯಾಮೆರಾವೇ ಮೀಟರ್. ಐಎಸ್‌ಒ 400ಕ್ಕೆ ಇಟ್ಟು ಒಂದು ಚಿತ್ರ ತೆಗೆದು, ಅದರ ಅಪರ್ಚರ್ (ಲೆನ್ಸ್ ತೆರೆದ ಅಳತೆ), ಶಟರ್ ವೇಗವನ್ನೇ ಪೆಂಟ್ಯಾಕ್ಸ್‌ಗೆ ಕೊಡಿ. ಡಿಜಿಟಲ್‌ನಲ್ಲಿ ಬೆಳಕಿನ ಭಾಗವನ್ನು ಕಾಯುತ್ತೇವೆ, ನೆಗೆಟಿವ್‌ನಲ್ಲಿ ನೆರಳನ್ನು ಕಾಯಬೇಕು, ಹಾಗಾಗಿ ನೆರಳಿರುವಲ್ಲಿ ಆ ಲೆಕ್ಕಕ್ಕಿಂತ ಹೆಚ್ಚು ಬೆಳಕು ಕೊಡಿ. ನಮ್ಮ ಕೋಟೆಯ ಕಮಲ ಬಸದಿಯ ಒಳಗಂಬಗಳನ್ನು ಡಿಜಿಟಲ್ ಲೆಕ್ಕದಲ್ಲೇ ತೆಗೆದಾಗ ಕಂಬದ ಬುಡ ನೆಗೆಟಿವ್‌ನಲ್ಲಿ ಗಾಜಿನಂತೆ ಖಾಲಿಯಾಗಿತ್ತು. ಮರುವಾರ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು ಬೆಳಕು ಕೊಟ್ಟೆ, ಕಡೆದ ಗೆರೆಗಳೆಲ್ಲ ಬಂದವು.

ನಮ್ಮ ಮಳೆಗಾಲದ ಪೀಡೆ ಬೇರೆ. ತೊಳೆಯುವ ಮುಂಚೆ ಫಿಲ್ಮ್ ಸುತ್ತುವ ಪ್ಲಾಸ್ಟಿಕ್ ಸುರುಳಿಯಲ್ಲಿ ಚೂರು ತೇವವಿದ್ದರೂ ಕತ್ತಲೆ ಚೀಲದೊಳಗೆ ಫಿಲ್ಮ್ ಅರ್ಧಕ್ಕೇ ಅಂಟಿ ನಿಲ್ಲುತ್ತದೆ, ಅಂಗೈ ಬೆವರುತ್ತದೆ. ಹಿಂದಿನ ದಿನವೇ ಸುರುಳಿಯನ್ನು ಪೂರ್ತಿ ಒಣಗಿಸಿಡಿ. ಹಾಳಾದ ಹಳೆಯ ರೀಲೊಂದನ್ನು ಕಣ್ಣು ಮುಚ್ಚಿ ಹತ್ತಿಪ್ಪತ್ತು ಸಲ ಸುತ್ತಿ ಕೈಗೆ ರೂಢಿ ಮಾಡಿಕೊಳ್ಳಿ.

ಬಾದಾಮಿಯಿಂದ: ಫಿಕ್ಸರ್ ಯಾವಾಗ ಮುಗಿಯಿತೆಂದು ತಿಳಿಯುವ ಬಗೆ ಯಾರೂ ಹೇಳಲಿಲ್ಲ. ಪ್ರತಿ ಸಲ ಫಿಲ್ಮಿನ ತುದಿಯ ಚೂರೊಂದನ್ನು ಅದರಲ್ಲಿ ಅದ್ದಿ, ಪಾರದರ್ಶಕವಾಗಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಹೊಸದಿದ್ದಾಗಿನ ಹೊತ್ತಿಗೆ ಎರಡು ಪಟ್ಟಾದರೆ ಆ ಫಿಕ್ಸರ್ ಮುಗಿದಂತೆ. ಅದರಲ್ಲಿ ಬೆಳ್ಳಿ ಕರಗಿರುತ್ತದೆ, ದಯವಿಟ್ಟು ಬಾವಿಯ ಬಳಿಯಾಗಲಿ ಗಿಡದ ಬುಡಕ್ಕಾಗಲಿ ಚೆಲ್ಲಬೇಡಿ. ನಾನು ಕ್ಯಾನಿನಲ್ಲಿ ಕೂಡಿಟ್ಟು, ಬೆಳ್ಳಿ ತೆಗೆಯುವವರಿಗೆ ಕೊಡುತ್ತೇನೆ.