ನಾಯಿಕೆಮ್ಮಿನ ಲಸಿಕೆ: ಇಲಿಯ ಮಿದುಳಿಗೇ ಯಾಕೆ ಚುಚ್ಚುತ್ತಾರೆ?

ಮಂಗಳಾ:
ಎಂಎಸ್ಸಿ ಮೈಕ್ರೋಬಯಾಲಜಿ ಓದುತ್ತಿದ್ದೇನೆ. ನಾಯಿಕೆಮ್ಮಿನ ಲಸಿಕೆ ಪರೀಕ್ಷಿಸಲು, ಲಸಿಕೆ ಹಾಕಿದ ಇಲಿಗಳ ಮಿದುಳಿಗೆ ಜೀವಂತ ಬ್ಯಾಕ್ಟೀರಿಯಾ ಚುಚ್ಚುತ್ತಾರಂತೆ. ಮಕ್ಕಳಿಗೆ ಈ ಕಾಯಿಲೆ ಬರುವುದು ಉಸಿರುನಾಳದಲ್ಲಿ ಅಲ್ವಾ? ಸರ್‌ನ ಕೇಳಿದರೆ "ಫಾರ್ಮಕೋಪಿಯಾದಲ್ಲಿ (ಔಷಧಿಗಳ ಗುಣಮಟ್ಟದ ನಿಯಮಪುಸ್ತಕ) ಹಾಗಿದೆ, ಬರ್ಕೊ" ಎಂದರು.

ಗಿರಿ_77:
ಇಲಿ ನಮ್ಮ ಮಕ್ಕಳ ಹಾಗೆ ಕೆಮ್ಮುವುದಿಲ್ಲವಲ್ಲ, ಅದಕ್ಕಿರಬೇಕು. ಸುಮ್ನೆ ಊಹೆ.

ಹಳೇ_ಕ್ಯೂಸಿ:
ಗಿರಿ ಅವರ ಊಹೆ ಅರ್ಧ ಸರಿ. ನಾನು ಲಸಿಕೆ ಕಂಪನಿಯೊಂದರ ಕ್ಯೂಸಿಯಲ್ಲಿ, ಅಂದರೆ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ, ಇದ್ದು ರಿಟೈರ್ ಆದವನು. ನೋಡಮ್ಮ, ಇದು ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಮತ್ತು ಜೊತೆಯವರು 1947ರಲ್ಲಿ ಪ್ರಕಟಿಸಿದ ವಿಧಾನ. ಲಸಿಕೆ ಆಗಲೇ ಇತ್ತು. ತಲೆನೋವು ಏನೆಂದರೆ, ಒಂದು ಬ್ಯಾಚ್ ಇದ್ದಂತೆ ಇನ್ನೊಂದು ಇರುತ್ತಿರಲಿಲ್ಲ, ಅದಕ್ಕೇ ಲಸಿಕೆಯ ಶಕ್ತಿ ಅಳೆಯುವ ಪರೀಕ್ಷೆ ಬೇಕಾಯಿತು. ಮಿದುಳೇ ಯಾಕೆ ಅಂದರೆ, ಈ ಬ್ಯಾಕ್ಟೀರಿಯಾ ಉಸಿರುನಾಳದ ಸಣ್ಣ ರೋಮಗಳಿಗೆ ಅಂಟಿಕೊಳ್ಳುತ್ತದೆ. ಅಂಥದ್ದೇ ರೋಮಗಳು ಮಿದುಳಿನ ಒಳಗಿನ ಪೊಳ್ಳುಗಳ ಗೋಡೆಯಲ್ಲೂ ಇವೆ. ಅಲ್ಲೂ ಚೆನ್ನಾಗಿ ಬೆಳೆಯುತ್ತದೆ.

ಕೆಲಸ ಹೀಗೆ: ನಮ್ಮ ಲಸಿಕೆ, ರೆಫರೆನ್ಸ್ ಲಸಿಕೆ (ಶಕ್ತಿ ಎಷ್ಟೆಂದು ಮೊದಲೇ ಗೊತ್ತಿರುವುದು) ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಇಲಿಗಳ ಹೊಟ್ಟೆಗೆ ಚುಚ್ಚುತ್ತೇವೆ. 14ರಿಂದ 17 ದಿನ ಬಿಟ್ಟು 18323 ಎಂಬ ತಳಿಯ ಜೀವಂತ ಬ್ಯಾಕ್ಟೀರಿಯಾವನ್ನು ಮಿದುಳಿಗೆ. ಆಮೇಲೆ 14 ದಿನ ನೋಡುವುದು. ಮೊದಲ 3 ದಿನದಲ್ಲಿ ಸತ್ತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಸೂಜಿಯ ಪೆಟ್ಟೇ ಇರಬಹುದು. ಅರ್ಧ ಇಲಿಗಳನ್ನು ಉಳಿಸಲು ಎಷ್ಟು ಲಸಿಕೆ ಬೇಕಾಯಿತು ಎಂದು ರೆಫರೆನ್ಸ್ ಜೊತೆ ಹೋಲಿಸಿದರೆ ಯೂನಿಟ್ ಸಿಗುತ್ತದೆ. ಒಂದು ಡೋಸ್‌ಗೆ ಕನಿಷ್ಠ 4 ಯೂನಿಟ್ ಬೇಕು.

ಈ ಅಂಕಿಯನ್ನು ನಂಬುವುದಕ್ಕೆ ಕಾರಣ ಬ್ರಿಟನ್‌ನಲ್ಲಿ ಮಕ್ಕಳ ಮೇಲೆ ನಡೆದ ಎಂಆರ್‌ಸಿ (ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಯೋಗಗಳು. ಇಲಿಯಲ್ಲಿ ಜಾಸ್ತಿ ಅಂಕ ಪಡೆದ ಲಸಿಕೆಗಳೇ ಮನೆಯಲ್ಲಿ ಕಾಯಿಲೆ ಇದ್ದಾಗಲೂ ಮಕ್ಕಳನ್ನು ಚೆನ್ನಾಗಿ ಕಾಪಾಡಿದವು. ನಿಮ್ಮ ಸರ್ ಹೇಳಬೇಕಿದ್ದದ್ದು ಇದು.

ಮಂಗಳಾ:
ಥ್ಯಾಂಕ್ಸ್ ಸರ್. ಹಾಗಾದರೆ ಖಾಸಗಿ ಆಸ್ಪತ್ರೆಯಲ್ಲಿ "ಜ್ವರ ಬರಲ್ಲ" ಅಂತ ಕೊಡುವ ಅಸೆಲ್ಯುಲಾರ್ ಲಸಿಕೆಗೂ ಇದೇ ಪರೀಕ್ಷೆನಾ?

ಹಳೇ_ಕ್ಯೂಸಿ:
ಇಲ್ಲಮ್ಮ. ಇದು ಇಡೀ ಬ್ಯಾಕ್ಟೀರಿಯಾ ಇರುವ ಲಸಿಕೆಗೆ, ಅಂದರೆ ನಮ್ಮ ಸರ್ಕಾರಿ ಪೆಂಟಾ (ಐದು ಕಾಯಿಲೆಗೆ ಒಂದೇ ಲಸಿಕೆ) ಥರದ್ದಕ್ಕೆ. ಅಸೆಲ್ಯುಲಾರ್‌ನಲ್ಲಿ ಕೆಲವು ಪ್ರೋಟೀನ್ ಮಾತ್ರ ಇರುತ್ತವೆ, ಅದಕ್ಕೆ ಪ್ರಾಣಿಗಳಲ್ಲಿ ಪ್ರತಿಕಾಯ ಹುಟ್ಟಿತೇ ಅಂತ ನೋಡುತ್ತಾರೆ. ಅದರ ಇನ್ನೊಂದು ಗುಣ ಗೊತ್ತಾಗಿದ್ದು ಬಬೂನ್ ಕೋತಿಗಳಿಂದ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ವಿಜ್ಞಾನಿಗಳು 2013ರಲ್ಲಿ ತೋರಿಸಿದರು: ಅಸೆಲ್ಯುಲಾರ್ ಹಾಕಿಸಿಕೊಂಡ ಬಬೂನ್‌ಗಳಿಗೆ ಕಾಯಿಲೆ ಬರಲಿಲ್ಲ, ಆದರೆ ಗಂಟಲಲ್ಲಿ ಬ್ಯಾಕ್ಟೀರಿಯಾ ವಾರಗಟ್ಟಲೆ ಉಳಿದು ಲಸಿಕೆ ಇಲ್ಲದ ಬಬೂನ್‌ಗೂ ಹರಡಿತು. ಇಲಿಯ ಮಿದುಳಿನಲ್ಲಿ ಇದು ಕಾಣುವ ಮಾತೇ ಇಲ್ಲ.

ಗಿರಿ_77:
ಇಲಿಗಳ ಗತಿ ಕೇಳೋರಿಲ್ವಾ?

ಹಳೇ_ಕ್ಯೂಸಿ:
ಕೇಳಬೇಕಾದ್ದೇ. ನೋವಿನ ಪರೀಕ್ಷೆ ಇದು. ಮೇಲಾಗಿ ಫಲಿತಾಂಶ ಒಂದೊಂದು ಸಲ ಒಂದೊಂದು ಥರ, ಆಗ ಮತ್ತೆ ಅಷ್ಟೂ ಇಲಿ ಬೇಕು. ಇಲಿಗೆ ಲಸಿಕೆ ಕೊಟ್ಟು, ರಕ್ತದಲ್ಲಿ ಪ್ರತಿಕಾಯ ಅಳೆದು ಮುಗಿಸುವ ವಿಧಾನವಿದೆ. ಮಿದುಳಿನ ತಂಟೆಯೇ ಇಲ್ಲ. ನನ್ನ ಓಟು ಅದಕ್ಕೇ.