ಅಮ್ಮನ ಜೊತೆ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್: ಹಳೆಯ ಚರ್ಚ್, ಸಿನಗಾಗ್, ಮಠ ನೋಡಿದವರು ಹೇಳಿ

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಈ ಮೂರು ಊರಿಗೆ ಹತ್ತು ದಿನ ಹೋಗುತ್ತಿದ್ದೇನೆ. ಅಮ್ಮನಿಗೆ 66, ಮಂಡಿ ನೋವಿದೆ. ಹಳೆಯ ಚರ್ಚ್, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್, ಮಠ ನೋಡಬೇಕು ಅಂತ ಅವರಿಗೇ ಆಸೆ. ಯಾವುದನ್ನು ಬಿಡಬಾರದು? ಏನು ಎಚ್ಚರಿಕೆ ಬೇಕು?

ಪ್ರಾಗ್‌ನಲ್ಲಿ ಮೂರು ವರ್ಷ ಇದ್ದವರಿಂದ:

ಮೇಡಂ, ಹೋಟೆಲ್ ಬುಕ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ. ಶನಿವಾರ ಸಿನಗಾಗ್‌ಗಳಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಯಹೂದಿಗಳ ಹೊಸ ವರ್ಷ, ಯೋಮ್ ಕಿಪ್ಪುರ್, ಸುಕ್ಕೋತ್ ಹಬ್ಬ ಎಲ್ಲಾ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಬರುತ್ತವೆ. ಆ ಹಬ್ಬಗಳ ಮುಖ್ಯ ದಿನಗಳಲ್ಲೂ ಬಾಗಿಲು ಹಾಕಿರುತ್ತದೆ. ನಮ್ಮ ಹಬ್ಬಗಳ ಹಾಗೆ ಚಂದ್ರನ ಲೆಕ್ಕ, ವರ್ಷ ವರ್ಷ ತಾರೀಕು ಬದಲಾಗುತ್ತದೆ. ಅಪ್ಪ ಅಮ್ಮನನ್ನು ನಾನು ಮೊದಲ ಸಲ ಕರೆದುಕೊಂಡು ಹೋಗಿದ್ದು ಅಂಥದ್ದೇ ಒಂದು ದಿನ. ಬೀದಿಯಲ್ಲಿ ನಿಂತು ಗೋಡೆ ನೋಡಿ ವಾಪಸ್ ಬಂದೆವು.

ಪ್ರಾಗ್‌ನಲ್ಲಿ ಒಂದೇ ಒಂದು ಜಾಗಕ್ಕೆ ಸಮಯ ಇದೆ ಅಂದರೆ ಪಿಂಕಸ್ ಸಿನಗಾಗ್‌ಗೆ ಹೋಗಿ. ಒಳಗೆ ಗೋಡೆ ತುಂಬಾ ಹೆಸರು, ಅಷ್ಟೇ. ನಾಜಿಗಳ ಕಾಲದಲ್ಲಿ ಸತ್ತ, ಈಗಿನ ಚೆಕ್ ದೇಶದ ಭಾಗಗಳಾದ ಬೊಹೆಮಿಯಾ, ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರು, ಎಲ್ಲಾ ಕೈಯಲ್ಲಿ ಬರೆದದ್ದು. ಮನೆತನದ ಹೆಸರು ಕೆಂಪು, ಅದರ ಮುಂದೆ ಒಬ್ಬೊಬ್ಬರ ಹೆಸರು, ಹುಟ್ಟಿದ ದಿನ ಕಪ್ಪು. ನಮ್ಮಮ್ಮನಿಗೆ ಆ ಅಕ್ಷರ ಓದಲು ಬರುವುದಿಲ್ಲ. ಆದರೆ ಅಂಕಿ ಬರುತ್ತದೆ. ಕನ್ನಡಕ ಹಾಕಿಕೊಂಡು ಗೋಡೆ ಹತ್ತಿರ ಹೋಗಿ ಮೆಲ್ಲಗೆ ಇಸವಿ ಓದುತ್ತಾ ಹೋದರು. 1898. 1903. 1938ಕ್ಕೆ ಬಂದಾಗ ನಿಂತರು. ‘ಇದು ನಮ್ಮ ದೊಡ್ಡಕ್ಕ ಹುಟ್ಟಿದ ವರ್ಷ’ ಅಂದರು. ಆಮೇಲೆ ಒಂದು ಮಾತೂ ಆಡಲಿಲ್ಲ.

ಈ ಹೆಸರುಗಳನ್ನು ಮೊದಲು ಬರೆದದ್ದು 1950ರ ದಶಕದಲ್ಲಿ. 1968ರ ನಂತರ ಸಿನಗಾಗ್ ಮುಚ್ಚಿತು, ಬರಹವೂ ಅಳಿದುಹೋಯಿತು. 1990ರ ದಶಕದಲ್ಲಿ ಅಷ್ಟನ್ನೂ ಮತ್ತೆ ಕೈಯಲ್ಲೇ ಬರೆದರು. ಮೇಲಿನ ಮಹಡಿಯಲ್ಲಿ ನಾಜಿಗಳ ತೆರೆಜಿನ್ ಶಿಬಿರದಲ್ಲಿದ್ದ ಯಹೂದಿ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಅವರಿಗೆ ಚಿತ್ರ ಕಲಿಸಿದ ಫ್ರೀಡ್ಲ್ ಡಿಕರ್-ಬ್ರಾಂಡೈಸ್ 1944ರಲ್ಲಿ ನಾಜಿಗಳ ಆಷ್‌ವಿಟ್ಜ್ ಕೊಲೆ ಶಿಬಿರದಲ್ಲಿ ತೀರಿಕೊಂಡರು. ಮಹಡಿ ಹತ್ತುವುದು ಅಮ್ಮನಿಗೆ ಕಷ್ಟ ಆದರೂ ನಿಧಾನಕ್ಕೆ ಕರೆದುಕೊಂಡು ಹೋಗಿ. ಆಮೇಲೆ ಅವತ್ತು ಬೇರೇನೂ ಇಟ್ಟುಕೊಳ್ಳಬೇಡಿ.

ಮಂಡಿ ನೋವಿಗೆ ಒಂದು ಉಪಾಯ. ಗುಡ್ಡದ ಮೇಲಿರುವ ಪ್ರಾಗ್ ಕೋಟೆಯನ್ನು ಕೆಳಗಿನಿಂದ ಹತ್ತಬೇಡಿ. 22ನೇ ನಂಬರ್ ಟ್ರಾಮ್ ಹತ್ತಿ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಸ್ಟ್ರಾಹೋವ್ ಮಠ ಅಲ್ಲೇ ಹತ್ತಿರ. 1143ರಲ್ಲಿ ಶುರುವಾದ ಮಠ ಅದು. ಅದರ ಲೈಬ್ರರಿಯನ್ನು ಬಾಗಿಲಲ್ಲೇ ನಿಂತು ನೋಡಬೇಕು, ಒಳಗೆ ಬಿಡುವುದಿಲ್ಲ. ಜನರ ಉಸಿರಿನ ತೇವಕ್ಕೆ ಹಳೆಯ ಪುಸ್ತಕ ಹಾಳಾಗುತ್ತವೆ, ಅದಕ್ಕೆ. ಅಲ್ಲಿಂದ ಇಳಿಜಾರಿನಲ್ಲಿ ನಡೆದರೆ ಕೋಟೆಯೊಳಗಿನ ದೊಡ್ಡ ಚರ್ಚ್, ಸೇಂಟ್ ವೀಟಸ್ ಕೆಥೆಡ್ರಲ್. 1344ರಲ್ಲಿ ಕಟ್ಟಲು ಶುರು ಮಾಡಿ 1929ರಲ್ಲಿ ಮುಗಿಸಿದರು. ಚೆಕ್ ಕಲಾವಿದ ಅಲ್ಫೋನ್ಸ್ ಮುಖಾ ಚಿತ್ರಿಸಿದ ಬಣ್ಣದ ಗಾಜಿನ ಕಿಟಕಿಯನ್ನು ಅಮ್ಮನಿಗೆ ತೋರಿಸಿ. ನಡುವೆ ಒಬ್ಬ ಹುಡುಗ, ಅವನ ಅಜ್ಜಿ ಇದ್ದಾರೆ. ಕೆಳಗೆ ಖರ್ಚು ಕೊಟ್ಟ ಬ್ಯಾಂಕಿನ ಹೆಸರೂ ಇದೆ, ನಮ್ಮ ದೇವಸ್ಥಾನದ ಮೆಟ್ಟಿಲಲ್ಲಿ ದಾನಿಗಳ ಹೆಸರು ಕೆತ್ತಿರುತ್ತಾರಲ್ಲ, ಹಾಗೆ. ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದಿಂದಲೇ ಪ್ರವೇಶ.

ಬುಡಾಪೆಸ್ಟ್‌ಗೆ ಹೋಗಿ ಬಂದವರಿಂದ:

ಡೊಹಾನಿ ಬೀದಿಯ ಸಿನಗಾಗ್ ನೋಡಿ. 1859ರಲ್ಲಿ ಕಟ್ಟಿ ಮುಗಿಸಿದ್ದು, ಯುರೋಪಿನಲ್ಲೇ ದೊಡ್ಡದು. ಸುಮಾರು 3,000 ಜನ ಕೂರಬಹುದು. ನೆಲಮಟ್ಟದಲ್ಲೇ ಎಲ್ಲಾ ಸಿಗುತ್ತದೆ, ಬೆಂಚುಗಳೂ ಇವೆ. ಅಂಗಳದ ಸಮಾಧಿಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. 1944-45ರ ಚಳಿಗಾಲದಲ್ಲಿ, ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದಲ್ಲಿ ಸತ್ತ ಎರಡು ಸಾವಿರಕ್ಕೂ ಜಾಸ್ತಿ ಜನರನ್ನು ಅಲ್ಲೇ ಮಣ್ಣು ಮಾಡಿದರು. ಹಿಂದುಗಡೆ ಲೋಹದ ವಿಲ್ಲೋ ಮರ ಇದೆ, ಎಲೆಗಳ ಮೇಲೆ ಹೆಸರು ಕೆತ್ತಿದ್ದಾರೆ. ಮನೆಯ ಗಂಡಸರು ಬಂದರೆ ಒಂದು ಮಾತು ಹೇಳಿಡಿ: ಚರ್ಚ್‌ನಲ್ಲಿ ಟೋಪಿ ತೆಗೆಯಬೇಕು, ಸಿನಗಾಗ್‌ನಲ್ಲಿ ತಲೆ ಮುಚ್ಚಬೇಕು. ಟೋಪಿ ಇಲ್ಲದಿದ್ದರೆ ಅಲ್ಲೇ ಕೊಡುತ್ತಾರೆ.

ಅತ್ತೆಯ ಜೊತೆ ವಿಯೆನ್ನಾ ನೋಡಿದವರಿಂದ:

ಸೇಂಟ್ ಸ್ಟೀಫನ್ ಕೆಥೆಡ್ರಲ್‌ನಲ್ಲಿ ದಕ್ಷಿಣದ ಗೋಪುರಕ್ಕೆ 343 ಮೆಟ್ಟಿಲು, ಅದರ ಯೋಚನೆಯೇ ಬೇಡ. ಉತ್ತರದ ಗೋಪುರಕ್ಕೆ ಲಿಫ್ಟ್ ಇದೆ. ಮೇಲೆ ಪುಮ್ಮೆರಿನ್ ಎಂಬ ದೊಡ್ಡ ಗಂಟೆ ಇದೆ, ಸುಮಾರು 20 ಟನ್. ತುರ್ಕಿಯವರು ಬಿಟ್ಟುಹೋದ ಫಿರಂಗಿ ಕರಗಿಸಿ 1711ರಲ್ಲಿ ಎರಕ ಹೊಯ್ದ ಗಂಟೆ 1945ರ ಬೆಂಕಿಯಲ್ಲಿ ಬಿದ್ದು ಒಡೆಯಿತು. ಆ ಚೂರುಗಳನ್ನೂ ಸೇರಿಸಿ ಮಾಡಿದ್ದು ಈಗಿನದು.

ಮೆಲ್ಕ್ ಮಠಕ್ಕೆ ವಿಯೆನ್ನಾದಿಂದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. 1089ರಿಂದ ಅಲ್ಲಿ ಬೆನೆಡಿಕ್ಟಿನ್ ಪಂಥದ ಕ್ರೈಸ್ತ ಸನ್ಯಾಸಿಗಳಿದ್ದಾರೆ. ಸ್ಟೇಷನ್‌ನಿಂದ ಏರು ದಾರಿ, ಟ್ಯಾಕ್ಸಿ ಮಾಡಿ.

ಇನ್ನೊಂದು ಮಾತು. ಒಂದು ದಿನಕ್ಕೆ ಎರಡು ಜಾಗ ಸಾಕು. ನಾವು ಮೊದಲ ದಿನ ಐದು ಚರ್ಚ್ ನೋಡಿದೆವು, ಒಂದೂ ನೆನಪಿಲ್ಲ. ಮರುದಿನ ಸಂಜೆ ಪ್ರಾರ್ಥನೆ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತೆವು. ಚರ್ಚಿನ ದೊಡ್ಡ ವಾದ್ಯ ಆರ್ಗನ್ ಶುರುವಾದಾಗ ಕೂತ ಹಲಗೆಯೇ ಸಣ್ಣಗೆ ನಡುಗಿತು. ಅತ್ತೆ ಕೈಮುಗಿದುಕೊಂಡು ಕಣ್ಣು ಮುಚ್ಚಿದರು. ಊರಿಗೆ ಬಂದ ಮೇಲೆ ಎಲ್ಲರ ಹತ್ತಿರವೂ ಅವರು ಹೇಳುವುದು ಆ ಅರ್ಧ ಗಂಟೆಯನ್ನೇ.